ಟ್ಯಾಂಕಿನ ಮೇಲೆ ಕನ್ನಡ ಬಾವುಟ, ಸೀಟಿನ ಕೆಳಗೆ ಇಂಗ್ಲಿಷ್ ಕಾಗದ!

ಕನ್ನಡದ ಹುಡುಗರೇ, ಈ ಸಂಚಿಕೆಯಲ್ಲಿ ನಾಮಫಲಕದ ಬಗ್ಗೆ ಬರೆಯುತ್ತಿಲ್ಲ. ಬ್ಯಾಂಕ್ ಮ್ಯಾನೇಜರ್ ಕನ್ನಡ ಮಾತಾಡಲಿಲ್ಲ ಎಂಬ ಗಲಾಟೆಯ ಬಗ್ಗೆಯೂ ಬರೆಯುತ್ತಿಲ್ಲ. ನೀವು ದಿನಾ ಬೆಳಿಗ್ಗೆ ಮನೆ ಮುಂದೆ ಒರೆಸಿ, ಒದ್ದು ಸ್ಟಾರ್ಟ್ ಮಾಡಿಕೊಂಡು ಹೊರಡುತ್ತೀರಲ್ಲ, ಆ ನೂರು ಸಿಸಿ ಬೈಕಿನ ಬಗ್ಗೆ ಬರೆಯುತ್ತಿದ್ದೇನೆ. ನಗಬೇಡಿ. ಈ ಊರಿನಲ್ಲಿ ಕನ್ನಡಿಗನ ಹೊಟ್ಟೆಪಾಡು ಇವತ್ತು ಆ ಎರಡು ಚಕ್ರದ ಮೇಲೆ ನಿಂತಿದೆ. ಆ ಎರಡು ಚಕ್ರ ನಿಂತಿರುವುದು ಕನ್ನಡಿಗನಿಗೆ ಓದಲಾಗದ ಕಾಗದದ ಮೇಲೆ!

ನಮ್ಮ ಪ್ರೆಸ್ಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ. ಮಾಗಡಿ ಕಡೆಯವನು. ಕಾಗದದ ರೀಮು ಹೊರಲು ಬಂದವನು ಈಗ ಆಫ್‌ಸೆಟ್ ಮಿಷನ್ನನ್ನು ತಾನೇ ಓಡಿಸುತ್ತಾನೆ. ಇರುವುದು ಸುಂಕದಕಟ್ಟೆಯಲ್ಲಿ, ಎರಡು ಬಸ್ಸು ಬದಲಿಸಿ ಬರಬೇಕು. ಮದುವೆ ಸೀಜನ್ನಿನಲ್ಲಿ ಲಗ್ನಪತ್ರಿಕೆ ಕೆಲಸ ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದು. ಬಸ್ಸು ಇರುವುದಿಲ್ಲ. ಪೇಪರ್ ಬಂಡಲಿನ ಮೇಲೇ ಮಲಗುತ್ತಿದ್ದ. ಒಂದು ದಿನ ಚೀಟಿ ಎತ್ತಿದ ದುಡ್ಡನ್ನು ಮುಂಗಡ ಕಟ್ಟಿ ಬೈಕು ತಂದ. "ಅಣ್ಣಾ, ಗಾಡಿ ತಗೊಂಡೆ" ಎಂದು ಬಾಗಿಲಲ್ಲಿ ನಿಂತು ಹೇಳಿದಾಗ ಅವನ ಮುಖ ನೋಡಬೇಕಿತ್ತು. ನಿಂಬೆಹಣ್ಣು ಚಕ್ರದ ಕೆಳಗಿಟ್ಟು ನಾವೇ ಪೂಜೆ ಮಾಡಿದೆವು. ಟ್ಯಾಂಕಿಗೆ ಅರಿಶಿನ ಕುಂಕುಮದ ಬಾವುಟದ ಸ್ಟಿಕರ್. ಅದೂ ನಮ್ಮ ಪ್ರೆಸ್ಸಿನದೇ.

ಏಳು ತಿಂಗಳು ಕಂತು ಸರಿಯಾಗಿ ಕಟ್ಟಿದ. ಎಂಟನೇ ತಿಂಗಳು ಅವನ ತಾಯಿ ಆಸ್ಪತ್ರೆ ಸೇರಿದರು. ಎರಡು ಕಂತು ತಪ್ಪಿತು. ಒಂದು ಸಂಜೆ ಮಾಗಡಿ ರಸ್ತೆ ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಇಬ್ಬರು ಬಂದು ಕೀ ಕಿತ್ತುಕೊಂಡು, ಇವನನ್ನು ಇಳಿಸಿ, ಗಾಡಿ ಹತ್ತಿಕೊಂಡು ಹೋದರು. ನೋಟೀಸಿಲ್ಲ, ರಸೀದಿಯಿಲ್ಲ. ಊಟದ ಡಬ್ಬಿ ಗಾಡಿಯಲ್ಲೇ ಹೋಯಿತು.

ಮರುದಿನ ಸಾಲದ ಕಾಗದ ತಂದು ನನ್ನ ಟೇಬಲ್ಲಿನ ಮೇಲಿಟ್ಟ. "ಅಣ್ಣಾ, ಇದರಲ್ಲಿ ಏನು ಬರ್ದವ್ರೆ ನೋಡಿ." ಹದಿನೆಂಟು ಪುಟ. ಪೂರ್ತಿ ಇಂಗ್ಲಿಷ್. ನಾನು ಓದಿದ್ದು ಪಿಯುಸಿ. ಆದರೂ ಇಪ್ಪತ್ತು ವರ್ಷಕ್ಕೂ ಮೇಲೆ ಅಕ್ಷರ ಜೋಡಿಸಿ, ಪ್ರೂಫ್ ನೋಡಿ ಅನ್ನ ತಿಂದವನು. ಅದು ಆರು ಪಾಯಿಂಟ್ ಅಕ್ಷರ, ಹೆಚ್ಚೆಂದರೆ ಆರೂವರೆ. ಔಷಧಿ ಡಬ್ಬಿಯೊಳಗೆ ಮಡಿಸಿಡುವ ಚೀಟಿಗೆ ನಾವು ಬಳಸುವ ಅಳತೆ. ಓದಲಿ ಎಂದು ಅಚ್ಚು ಮಾಡುವ ಅಳತೆ ಅಲ್ಲ ಅದು. ಪ್ರತಿ ಪುಟದ ಕೆಳಗೆ ಇವನ ಸಹಿ, ಕನ್ನಡದಲ್ಲಿ, ಗುಂಡಗೆ, ಮುದ್ದಾಗಿ. ಸಹಿ ಕನ್ನಡದಲ್ಲೇ ಹಾಕಿ ಎಂದು ರಾಜ್ಯೋತ್ಸವದಲ್ಲಿ ಭಾಷಣ ಮಾಡುವವರು ನಾವೇ ತಾನೇ? ಹುಡುಗ ಪಾಲಿಸಿದ್ದಾನೆ.

ಕೊನೆಯ ಪುಟದಲ್ಲಿ ಒಂದು ಸಾಲು ಸಿಕ್ಕಿತು. ಪರಿಚಯದ ವಕೀಲರೊಬ್ಬರಿಂದಲೂ ಓದಿಸಿ ಖಾತ್ರಿ ಮಾಡಿಕೊಂಡೆ. ಈ ಒಪ್ಪಂದದ ಎಲ್ಲ ಷರತ್ತುಗಳನ್ನೂ ಸಾಲಗಾರನಿಗೆ ಅವನ ಮಾತೃಭಾಷೆಯಲ್ಲಿ ಓದಿ ವಿವರಿಸಲಾಗಿದೆ, ಅವನು ಅರ್ಥ ಮಾಡಿಕೊಂಡು ಸಹಿ ಮಾಡಿದ್ದಾನೆ ಎಂದು ಇಂಗ್ಲಿಷಿನಲ್ಲಿ ಬರೆದಿದೆ! ಕನ್ನಡದಲ್ಲಿ ಹೇಳಿದೆವು ಎಂಬ ಸುಳ್ಳಿಗೂ ಇವರಿಗೆ ಕನ್ನಡ ಬೇಡ.

"ಯಾರಾದರೂ ಓದಿ ಹೇಳಿದರೇನೋ?" ಅಂದೆ. "ಇಲ್ಲ ಅಣ್ಣಾ. ಇಲ್ಲಿ ಹಾಕು, ಇಲ್ಲಿ ಹಾಕು ಅಂತ ಬೆರಳಲ್ಲಿ ತೋರಿಸಿದ್ರು. ಹತ್ತು ನಿಮಿಷದಲ್ಲಿ ಮುಗೀತು."

ಇದು ಒಬ್ಬ ಹುಡುಗನ ಕತೆ, ಒಂದು ಕಂಪನಿಯ ಕತೆ ಎಂದು ಬಿಡುವ ಹಾಗಿಲ್ಲ. ನಿಮ್ಮ ಮನೆಯ ಬೀರು ತೆಗೆದು ನಿಮ್ಮ ಬೈಕಿನ ಕಾಗದ ನೋಡಿಕೊಳ್ಳಿ, ಆಮೇಲೆ ನನ್ನ ಮೇಲೆ ಸಿಟ್ಟು ಮಾಡಿ.

ನಮ್ಮಂಥವರ ಮನೆಗೆ ಬೈಕು ಬಂದಿದ್ದು ತೀರಾ ಹಳೆಯ ಕಾಲದಲ್ಲೇನಲ್ಲ. ೧೯೬೧ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿ ಹೊರಬಂದಾಗ ಇಡೀ ದೇಶ ಮೈಸೂರಿನ ಕಡೆ ನೋಡಿತು. ಜಾವಾ ಆಮೇಲೆ ಯೆಜ್ಡಿಯಾಯಿತು. ಗುಡುಗುಡು ಸದ್ದು, ಎರಡು ಸೈಲೆನ್ಸರು, ಇನ್ನೂರೈವತ್ತು ಸಿಸಿ. ಆದರೆ ಅದನ್ನು ಸಾಕುವವರು ಯಾರು? ಕಾಂಟ್ರಾಕ್ಟರು, ಗೌಡರ ಮಗ. ನಮ್ಮಪ್ಪನಂಥವರು ಸೈಕಲ್ ಮೇಲೇ ಮುದುಕರಾದರು. ಆ ಕಾರ್ಖಾನೆಯೂ ೧೯೯೬ರಲ್ಲಿ ಬಾಗಿಲು ಹಾಕಿತು. ಯಾದವಗಿರಿ ಕಡೆ ಹೋದರೆ ಹಳಬರು ಈಗಲೂ ಆ ಮಾತೆತ್ತಿ ನಿಟ್ಟುಸಿರು ಬಿಡುತ್ತಾರೆ.

ಬಡವನಿಗೆ ಮೊದಲು ದಕ್ಕಿದ್ದು ೧೯೮೦ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ ೫೦. ಮೊಪೆಡ್ಡು ಅಂತ ಆಡಿಕೊಂಡವರುಂಟು. ಆದರೆ ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಗ್ಯಾಸ್ ಸಿಲಿಂಡರು, ಹಿಂದೆ ಹೆಂಡತಿ, ಮುಂದೆ ಎರಡು ಮಕ್ಕಳು, ಎಲ್ಲವನ್ನೂ ಅದು ಹೊತ್ತಿತು. ೧೯೮೫ರಲ್ಲಿ ಹೀರೋ ಹೋಂಡಾ ಸಿಡಿ ೧೦೦ ಬಂತು. ನಾಲ್ಕು ಸ್ಟ್ರೋಕಿನ ಇಂಜಿನ್ನು. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯಿಲ್ಲ, ಹೊಗೆಯಿಲ್ಲ, ಲೀಟರಿಗೆ ಕೊಡುವ ಮೈಲೇಜು ಕೇಳಿ ಜನ ನಂಬಲಿಲ್ಲ. 'ಫಿಲ್ ಇಟ್, ಷಟ್ ಇಟ್, ಫರ್ಗೆಟ್ ಇಟ್' ಎಂಬ ಜಾಹೀರಾತು ನಮ್ಮ ವಯಸ್ಸಿನವರಿಗೆಲ್ಲ ಬಾಯಿಪಾಠ. ತುಂಬಿಸು, ಮುಚ್ಚು, ಮರೆತುಬಿಡು! ಆಗಲೇ ಅದು ಇಂಗ್ಲಿಷಿನಲ್ಲಿತ್ತು ಎಂಬುದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ೧೯೯೪ರಲ್ಲಿ ಸ್ಪ್ಲೆಂಡರ್ ಬಂದ ಮೇಲಂತೂ ಆಫೀಸಿನ ಅಟೆಂಡರಿನಿಂದ ಹಿಡಿದು ಮೇಷ್ಟ್ರವರೆಗೆ ಅದೇ ಗಾಡಿ.

ಈ ಚಿಕ್ಕ ಗಾಡಿಯ ಗುಟ್ಟು ಅದರ ತೂಕ. ೨೦೨೩ರಲ್ಲಿ ಹೋಂಡಾದವರು ತಂದ ಶೈನ್ ೧೦೦ ತೂಗುವುದು ೯೯ ಕೆಜಿ. ಬುಲೆಟ್ಟಿನ ಸುಮಾರು ಅರ್ಧ. ಪೆಟ್ರೋಲ್ ಮುಗಿದರೆ ತಳ್ಳಿಕೊಂಡು ಹೋಗಬಹುದು. ಓಣಿಯೊಳಗೆ ತಿರುಗಿಸಬಹುದು. ಮೂರು ಮೆಟ್ಟಿಲು ಹತ್ತಿಸಿ ವಠಾರದೊಳಗೆ ನಿಲ್ಲಿಸಬಹುದು. ಬಾಡಿಗೆ ಕಡಿಮೆ ಎಂದು ಊರಾಚೆ ಮನೆ ಮಾಡಿದ ಕನ್ನಡಿಗ ಊರೊಳಗೆ ಕೆಲಸ ಉಳಿಸಿಕೊಂಡಿರುವುದು ಇದರಿಂದ. ಪೇಪರ್ ಹಾಕುವವನು, ಕೊರಿಯರ್ ಹುಡುಗ, ಊಟ ತಲುಪಿಸುವವನು, ಎಲೆಕ್ಟ್ರಿಷಿಯನ್, ಗಾರ್ಮೆಂಟ್ಸಿಗೆ ಹೆಂಡತಿಯನ್ನು ಬಿಟ್ಟು ತಾನು ಪೀಣ್ಯಕ್ಕೆ ಹೋಗುವವನು, ಇವರಿಗೆಲ್ಲ ಬೈಕು ಷೋಕಿಯಲ್ಲ, ಕಸುಬಿನ ಸಾಮಾನು. ನನಗೆ ಮಿಷನ್ ಇದ್ದ ಹಾಗೆ. ಆ ಗಾಡಿ ಹೋದರೆ ಸಂಬಳವೂ ಹೋಗುತ್ತದೆ.

ಇನ್ನು ಕಾನೂನು ಏನು ಹೇಳುತ್ತದೆ ನೋಡಿ. ಕನ್ನಡ ಸಂಘದವರು ಕಾನೂನು ಓದುವುದಿಲ್ಲ, ಬರೀ ಕೂಗುತ್ತಾರೆ ಎಂಬ ಮಾತಿದೆ. ಸರಿ, ಓದೋಣ.

ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕು ನ್ಯಾಯವಾದ ನಡವಳಿಕೆಯ ನಿಯಮ ಎಂದು ಮಾಡಿಟ್ಟಿದೆ. ಸಾಲಗಾರನ ಜೊತೆಗಿನ ಪತ್ರವ್ಯವಹಾರವೆಲ್ಲ ಸ್ಥಳೀಯ ಭಾಷೆಯಲ್ಲಿ, ಇಲ್ಲವೇ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ಅದರಲ್ಲಿದೆ. ಗಾಡಿ ಹಿಡಿಯುವ ಷರತ್ತು ಇದ್ದರೆ ಎಷ್ಟು ದಿನದ ನೋಟೀಸು, ಹಿಡಿಯುವ ಕ್ರಮ ಏನು, ಹರಾಜಿಗೆ ಮುಂಚೆ ಬಾಕಿ ಕಟ್ಟಲು ಕೊನೆಯ ಅವಕಾಶ ಹೇಗೆ ಎಂಬುದೆಲ್ಲ ಒಪ್ಪಂದದಲ್ಲಿ ಇರಬೇಕು ಎಂದಿದೆ. ಗೂಂಡಾಗಳನ್ನು ಬಿಟ್ಟು ಗಾಡಿ ಎಳೆಸುವುದು ತಪ್ಪು ಎಂದು ಸುಪ್ರೀಂ ಕೋರ್ಟು ೨೦೦೭ರಲ್ಲೇ ಒಂದು ದೊಡ್ಡ ಬ್ಯಾಂಕಿಗೆ ಛೀಮಾರಿ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ಸಾಲಗಾರನಿಗೆ ವಸೂಲಿಯ ಫೋನು ಮಾಡಬಾರದು ಎಂದು ೨೦೨೨ರಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ.

ಇದಕ್ಕಿಂತ ದೊಡ್ಡದು ೨೦೨೪ರ ಅಕ್ಟೋಬರ್ ಒಂದರಿಂದ ಬಂದಿದೆ. ಅಂದಿನಿಂದ ಕೊಡುವ ಇಂಥ ಸಾಲಕ್ಕೆಲ್ಲ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಎಂಬ ಮುಖ್ಯಾಂಶಗಳ ಕಾಗದ ಕೊಡಲೇಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಓದಿ ವಿವರಿಸಬೇಕು. ಯೋಚನೆ ಮಾಡಲು ಕಡೇಪಕ್ಷ ಮೂರು ಕೆಲಸದ ದಿನ ಕೊಡಬೇಕು. ಅದರಲ್ಲಿ ಬರೆಯದ ಯಾವ ಚಾರ್ಜನ್ನೂ ನಿಮ್ಮ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವ ಹಾಗಿಲ್ಲ. ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿ ಪಡೆದಿದ್ದೇವೆ? ಇಂಥದೊಂದು ಇದೆ ಎಂದು ನಮಗೆ ಹೇಳಿದವರು ಯಾರು?

ಕನ್ನಡದಲ್ಲಿ ಏಕೆ ಕೊಡುವುದಿಲ್ಲ ಎಂದರೆ, ಕೊಟ್ಟರೆ ಹುಡುಗ ಲೆಕ್ಕ ಹಾಕುತ್ತಾನೆ. ಹಾಕಿ ನೋಡೋಣ. ೭೨,೦೦೦ ಸಾಲ, ಮೂರು ವರ್ಷ, 'ಬರೀ ೧೨ ಪರ್ಸೆಂಟ್ ಬಡ್ಡಿ'. ಷೋರೂಮಿನವನು ಹೇಳುವ ಈ ಹನ್ನೆರಡು ಬಹಳ ಸಲ ಫ್ಲ್ಯಾಟ್ ಬಡ್ಡಿ. ವರ್ಷಕ್ಕೆ ೮,೬೪೦, ಮೂರು ವರ್ಷಕ್ಕೆ ೨೫,೯೨೦. ಒಟ್ಟು ೯೭,೯೨೦. ತಿಂಗಳಿಗೆ ೨,೭೨೦ ಕಂತು. ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ತೀರಿಸುತ್ತಾ ಬರುತ್ತೀರಿ. ಮೂರನೇ ವರ್ಷ ಉಳಿದಿರುವ ಅಸಲು ಮೂರನೇ ಒಂದು ಭಾಗಕ್ಕೂ ಸ್ವಲ್ಪ ಮೇಲೆ, ಬಡ್ಡಿ ಮಾತ್ರ ಪೂರ್ತಿ ೭೨,೦೦೦ಕ್ಕೇ! ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂದು ಲೆಕ್ಕ ಹಾಕಿದರೆ ಇದೇ ಸಾಲದ ನಿಜವಾದ ದರ ವರ್ಷಕ್ಕೆ ೨೧ ಪರ್ಸೆಂಟಿನ ಮೇಲೆ. ಫೈಲ್ ಚಾರ್ಜು, ಡಾಕ್ಯುಮೆಂಟ್ ಚಾರ್ಜು ಸೇರಿಸಿದರೆ ಇನ್ನೂ ಮೇಲೆ. ನಾನು ಹೇಳಿದ ಕೀ ಫ್ಯಾಕ್ಟ್ ಕಾಗದದಲ್ಲಿ ಈ ನಿಜವಾದ ದರವನ್ನು ಬರೆಯಲೇಬೇಕು. ಹನ್ನೆರಡು ಎಂದು ಬಾಯಲ್ಲಿ ಹೇಳಿ ಇಪ್ಪತ್ತೊಂದು ಎಂದು ಕನ್ನಡದಲ್ಲಿ ಬರೆದುಕೊಟ್ಟರೆ ಗಿರಾಕಿ ಎದ್ದು ಹೋಗುತ್ತಾನೆ.

೨೦೨೫ರ ಸೆಪ್ಟೆಂಬರ್ ೨೨ರಿಂದ ೩೫೦ ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ೨೮ರಿಂದ ೧೮ ಪರ್ಸೆಂಟಿಗೆ ಇಳಿಯಿತು. ಪಟಾಕಿ ಹೊಡೆದೆವು. ತೆರಿಗೆಯಲ್ಲಿ ಉಳಿದದ್ದು ಬಡ್ಡಿಯಲ್ಲಿ ಹೋಗುತ್ತಿದ್ದರೆ ಆ ಪಟಾಕಿಯ ದುಡ್ಡೂ ದಂಡ.

ವಿಮೆಯ ಕಾಗದದ ವಿಷಯ ಇನ್ನೂ ಹೊಟ್ಟೆ ಉರಿಸುವಂಥದ್ದು. ೨೦೧೮ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅದು ಎದುರಿನವನಿಗೆ ಆದ ನಷ್ಟಕ್ಕೆ. ನಮ್ಮ ಗಾಡಿ ಕಳುವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ. ಆದರೆ ಅದೇ ಕಾಗದದಲ್ಲಿ ಇನ್ನೊಂದು ಸಾಲು ಇರಬೇಕು: ಮಾಲೀಕ ತಾನೇ ಗಾಡಿ ಓಡಿಸುವಾಗ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ೧೫ ಲಕ್ಷ ರೂಪಾಯಿ. ಗಾಡಿ ಅವನ ಹೆಸರಿನಲ್ಲಿರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು, ಈ ಭಾಗದ ಪ್ರೀಮಿಯಂ ಕಟ್ಟಿರಬೇಕು. ಎಷ್ಟೋ ಸಲ ಥರ್ಡ್ ಪಾರ್ಟಿ ಐದು ವರ್ಷಕ್ಕೆ ಮಾಡಿ ಇದನ್ನು ಒಂದೇ ವರ್ಷಕ್ಕೆ ಮಾಡಿರುತ್ತಾರೆ. ಎರಡನೇ ವರ್ಷ ಕಟ್ಟಬೇಕು ಎಂದು ಗೊತ್ತಾಗುವುದು ಹೇಗೆ?

ರಾತ್ರಿ ಹೊತ್ತು ತಾನೇ ಡಿವೈಡರಿಗೆ ಗುದ್ದಿ ಸತ್ತ ಹುಡುಗನ ಮನೆಯಲ್ಲಿ ಏನು ಮಾತಾಡುತ್ತಾರೆ ಗೊತ್ತೇ? "ಎದುರು ಗಾಡಿ ಇಲ್ಲ, ಕೇಸಿಲ್ಲ, ಏನೂ ಸಿಗಲ್ಲ ಬಿಡಿ." ಬೀರುವಿನಲ್ಲಿ ೧೫ ಲಕ್ಷದ ಕಾಗದ ಇರಬಹುದು! ತಾಯಿಗೆ ಓದಲು ಬರುವುದಿಲ್ಲ, ತಂಗಿಗೆ ಕನ್ನಡ ಬರುತ್ತದೆ, ಕಾಗದದಲ್ಲಿ ಕನ್ನಡ ಇಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಸಾಲ ಮಾಡುತ್ತಾರೆ. ಮಾತೃಭಾಷೆ, ತಾಯಿನುಡಿ ಎಂದು ವೇದಿಕೆಯಲ್ಲಿ ಕೊರಳುಬ್ಬಿಸುವವರು ಆ ತಾಯಿಯನ್ನು ಒಂದು ಸಲ ನೆನೆಸಿಕೊಳ್ಳಲಿ.

ಗಾಡಿಯ ಜೊತೆ ಬರುವ ಪುಸ್ತಕ ಉಳಿಯಿತು. ನಮ್ಮ ಹುಡುಗನಿಗೆ ಸಿಕ್ಕಿದ್ದರಲ್ಲಿ ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಹೊಸ ಇಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಹದವಾಗಿ ಓಡಿಸಬೇಕು, ಮೊದಲ ಸರ್ವೀಸನ್ನು ಇಷ್ಟು ದಿನ ಅಥವಾ ಇಷ್ಟು ಕಿಲೋಮೀಟರಿನೊಳಗೆ ಮಾಡಿಸದಿದ್ದರೆ ವಾರಂಟಿಗೆ ತೊಂದರೆ ಎಂಬುದೆಲ್ಲ ಅದರಲ್ಲಿರುತ್ತದೆ. ೨೦೧೯ರಿಂದ ನೂರು ಸಿಸಿ ಗಾಡಿಗಳಿಗೆ ಕಂಬೈಂಡ್ ಬ್ರೇಕ್ ಬಂದಿದೆ: ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಇದನ್ನು ತಿಳಿಯದೆ ಹಳೆಯ ಗಾಡಿಯ ಅಭ್ಯಾಸದಲ್ಲಿ ಮಳೆಯಲ್ಲಿ ತುಳಿದವನು ಗಾಬರಿಯಾಗದೆ ಇರುತ್ತಾನೆಯೇ? ಇದು ಸಾಹಿತ್ಯವಲ್ಲ ಸ್ವಾಮಿ, ಪ್ರಾಣದ ವಿಷಯ.

ಕನ್ನಡದಲ್ಲಿ ಅಚ್ಚು ಹಾಕಿಸಲು ಖರ್ಚು ಜಾಸ್ತಿ ಎಂದು ಷೋರೂಮಿನವರೊಬ್ಬರು ನನ್ನೆದುರೇ ಹೇಳಿದರು. ನನ್ನೆದುರಿಗೆ! ಅರವತ್ನಾಲ್ಕು ಪುಟ, ಒಂದೇ ಬಣ್ಣ, ಅಂಗೈಯಗಲದ ಪುಸ್ತಕ, ಲಕ್ಷದ ಲೆಕ್ಕದಲ್ಲಿ ಹಾಕಿದರೆ ಪ್ರತಿಗೆ ಇಪ್ಪತ್ತು ರೂಪಾಯಿ ದಾಟುವುದಿಲ್ಲ. ಎಪ್ಪತ್ತು ಎಂಬತ್ತು ಸಾವಿರದ ಗಾಡಿಗೆ ಇಪ್ಪತ್ತು ರೂಪಾಯಿ. ನಾಳೆ ಬೆಳಿಗ್ಗೆ ಕಾಗದ ಕಳಿಸಲಿ, ಕೂಲಿ ಲಾಭ ಬಿಟ್ಟು ನಾನೇ ಹಾಕಿಕೊಡುತ್ತೇನೆ.

ಅವರಿಗೆ ನಾವು ಕೊಟ್ಟಿರುವುದೇನು ಕಡಿಮೆಯೇ? ಕೋಲಾರದ ನರಸಾಪುರದಲ್ಲಿ ೨೦೧೩ರಿಂದ ಹೋಂಡಾ ಕಾರ್ಖಾನೆ ನಡೆಯುತ್ತಿದೆ, ಮೈಸೂರಿನಲ್ಲಿ ಟಿವಿಎಸ್ ಕಾರ್ಖಾನೆ ಇದೆ. ನೆಲ ನಮ್ಮದು, ನೀರು ನಮ್ಮದು, ಕರೆಂಟು ನಮ್ಮದು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ನೆನಪಿಸಿ ಸುತ್ತೋಲೆಯನ್ನೂ ಹೊರಡಿಸಿತು. ಸುತ್ತೋಲೆ ಹೊರಡಿಸಿದ ಸಾಹೇಬರು ಒಂದು ಷೋರೂಮಿಗೆ ಹೋಗಿ ಸೀಟು ಎತ್ತಿ ನೋಡಲಿ.

ಈಗ ನಮ್ಮವರಿಗೂ ಒಂದು ಮಾತು. ನಂಬರ್ ಪ್ಲೇಟಿನಲ್ಲಿ ಕನ್ನಡ ಅಂಕಿ ಬರೆಸಿ ಪೊಲೀಸರ ಹತ್ತಿರ ದಂಡ ಕಟ್ಟಿ, ಅದನ್ನೇ ಹೋರಾಟ ಎಂದು ತಿರುಗಿದ ಹುಡುಗರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನಾನೂ ಹದಿನೆಂಟನೇ ವಯಸ್ಸಿನಲ್ಲಿ ಬರೆಸಿದವನೇ. ಕೇಂದ್ರದ ಮೋಟಾರು ನಿಯಮ ಅದಕ್ಕೆ ಒಪ್ಪುವುದಿಲ್ಲ. ಹೈ ಸೆಕ್ಯೂರಿಟಿ ಪ್ಲೇಟು ಬಂದ ಮೇಲೆ ಆ ಬಾಗಿಲೂ ಮುಚ್ಚಿತು. ಆ ನಿಯಮ ಬದಲಾಗಬೇಕು, ಅದಕ್ಕೆ ದೆಹಲಿಯಲ್ಲಿ ನಮ್ಮ ಸಂಸದರು ಬಾಯಿ ಬಿಡಬೇಕು. ಅದು ಬೇರೆ ಜಗಳ. ಆದರೆ ಕಾನೂನು ಒಪ್ಪದ ಕಡೆ ಎದೆಯೊಡ್ಡಿದ ನಾವು, ಕಾನೂನೇ ನಮ್ಮ ಪರ ಇರುವ ಕಡೆ ತಲೆ ತಗ್ಗಿಸಿ ಹದಿನೆಂಟು ಪುಟಕ್ಕೆ ಸಹಿ ಹಾಕಿ ಬರುತ್ತಿದ್ದೇವಲ್ಲ! ಪ್ಲೇಟು ಹಿಂದಿನ ಗಾಡಿಯವನು ನೋಡಲಿ ಎಂದು. ಕಾಗದವನ್ನು ಯಾರೂ ನೋಡುವುದಿಲ್ಲ, ಅದಕ್ಕೇ ನಮಗೆ ಅದರ ಮೇಲೆ ಅಭಿಮಾನ ಹುಟ್ಟುವುದಿಲ್ಲ.

ಷೋರೂಮಿನಲ್ಲಿ ಕೂತು ಸಹಿ ಹಾಕಿಸಿಕೊಳ್ಳುವ ಹುಡುಗರ ಮೇಲೆ ಕೈ ಮಾಡಬೇಡಿ, ದನಿ ಏರಿಸಬೇಡಿ. ಅವರೂ ನಮ್ಮಂತೆ ಸಂಬಳಕ್ಕಿರುವವರು, ಎಷ್ಟೋ ಜನ ಕನ್ನಡದವರೇ. ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ಹೇಳಿ: "ಕೀ ಫ್ಯಾಕ್ಟ್ ಕಾಗದ ಕನ್ನಡದಲ್ಲಿ ಕೊಡಿ. ಕೊಡೋವರೆಗೂ ಸಹಿ ಹಾಕಲ್ಲ." ಇಲ್ಲ ಎಂದರೆ ಇಲ್ಲ ಎಂದು ಬರೆದುಕೊಡಲು ಹೇಳಿ. ಬರೆದುಕೊಡುವುದಿಲ್ಲ, ಆ ಮಾತಿಗೇ ಮ್ಯಾನೇಜರು ಎದ್ದು ಬರುತ್ತಾರೆ. ಕಂಪನಿಗೆ ಲಿಖಿತ ದೂರು ಕೊಟ್ಟು ಮೂವತ್ತು ದಿನದಲ್ಲಿ ಸರಿಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಫೀಸಿಲ್ಲ. ಹಬ್ಬದ ಸೀಜನ್ನಿನಲ್ಲಿ ಒಂದು ದಿನ, ಒಂದು ರಸ್ತೆಯ ಷೋರೂಮುಗಳಲ್ಲಿ ಹತ್ತು ಹುಡುಗರು ಪೆನ್ನು ಕೆಳಗಿಟ್ಟು ಕೂತರೆ ಸಾಕು. ಟೈರಿಗೆ ಬೆಂಕಿ ಹಚ್ಚುವ ಅಗತ್ಯವಿಲ್ಲ.

ಸಾಲ ತೀರಿದವರಿಗೂ ಒಂದು ಕೆಲಸ ಬಾಕಿ ಇರುತ್ತದೆ. ಎನ್‌ಒಸಿ, ಫಾರಂ ೩೫ ತಂದು ಆರ್‌ಟಿಓದಲ್ಲಿ ಆರ್‌ಸಿಯಿಂದ ಫೈನಾನ್ಸಿನವರ ಹೆಸರು ತೆಗೆಸಿಕೊಳ್ಳಿ. ಇಲ್ಲದಿದ್ದರೆ ಗಾಡಿ ಮಾರುವ ದಿನ ಗೊತ್ತಾಗುತ್ತದೆ.

ನಮ್ಮ ಹುಡುಗನ ಗಾಡಿ ಇನ್ನೂ ಬಂದಿಲ್ಲ. ವಕೀಲರು ಕಂಪನಿಗೆ ನೋಟೀಸು ಕಳಿಸಿದ್ದಾರೆ, ಒಂದು ಪ್ರತಿ ಕನ್ನಡದಲ್ಲಿ. ಸದ್ಯಕ್ಕೆ ಅವನು ಮತ್ತೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಾನೆ. ಮೊನ್ನೆ ರಾತ್ರಿ ಮಿಷನ್ ಬಿಡುವಾದ ಮೇಲೆ ತಾನೇ ಕೂತು ಒಂದು ಕರಪತ್ರ ಹಾಕಿದ: ಬೈಕ್ ಸಾಲಕ್ಕೆ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳು, ವಿಮೆಯ ಕಾಗದದಲ್ಲಿ ನೋಡಬೇಕಾದ ಸಾಲುಗಳು, ಒಂದು ಹಾಳೆಯ ಎರಡು ಕಡೆ, ಹದಿನಾಲ್ಕು ಪಾಯಿಂಟ್ ಅಕ್ಷರದಲ್ಲಿ. ಕಾಗದ ನನ್ನದು, ಇಂಕು ನನ್ನದು. ಯಾವ ಸಂಘದವರೇ ಆಗಲಿ, ಈ ಪತ್ರಿಕೆ ತಂದುಕೊಡುವ ಹುಡುಗನ ಹತ್ತಿರ ಎಷ್ಟು ಪ್ರತಿ ಬೇಕೆಂದು ಹೇಳಿ ಕಳಿಸಿ. ದುಡ್ಡು ಬೇಡ.